ದೇವರಾಯನದುರ್ಗದಷ್ಟೇ ಎತ್ತರ, ಆದರೆ ಹಿಮ ಬೀಳುತ್ತದೆ: ಟಾಸ್ಮೇನಿಯಾದ ಓವರ್‌ಲ್ಯಾಂಡ್ ಟ್ರ್ಯಾಕ್ ಮತ್ತು ಅದರ ಹಟ್‌ಗಳು

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿರುವ ಓವರ್‌ಲ್ಯಾಂಡ್ ಟ್ರ್ಯಾಕ್ ಎಂಬ ಚಾರಣದ ದಾರಿಯ ನಕ್ಷೆ ಬಿಡಿಸಿದ ಕೂಡಲೇ ತುಮಕೂರಿನವರು ಮಾಡುವ ತಪ್ಪು ಒಂದೇ: ಎತ್ತರದ ಅಂಕಿ ನೋಡಿ 'ಇಷ್ಟೇನಾ' ಅನ್ನುವುದು. ದಾರಿ ಹೆಚ್ಚೆಂದರೆ 1,250 ಮೀಟರ್ ಆಸುಪಾಸು ಮುಟ್ಟುತ್ತದೆ. ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರ್, ಮಧುಗಿರಿಯ ಏಕಶಿಲೆ ಬೆಟ್ಟವೂ ಹೆಚ್ಚುಕಡಿಮೆ ಅಷ್ಟೇ. ಭಾನುವಾರ ನಸುಕಿಗೆ ಹತ್ತಿಳಿದು, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆ ಸೇರುವಷ್ಟು ಎತ್ತರ ಅದು. ಆದರೆ ನಾವು ಇರುವುದು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ, ಈ ದಾರಿ ಇರುವುದು 42 ಡಿಗ್ರಿ ದಕ್ಷಿಣಕ್ಕೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ದಕ್ಷಿಣ ಅಮೆರಿಕ ಸಿಗುವವರೆಗೂ ಬರೀ ಕಡಲು. ಆ ಕಡಲ ಮೇಲೆ ಯಾವ ಅಡ್ಡಿಯೂ ಇಲ್ಲದೆ ಓಡಿಬಂದ ಗಾಳಿ ಮೊದಲು ಡಿಕ್ಕಿ ಹೊಡೆಯುವುದೇ ಟಾಸ್ಮೇನಿಯಾದ ಪಶ್ಚಿಮದ ಬೆಟ್ಟಗಳಿಗೆ. ಅದಕ್ಕೇ ಅಲ್ಲಿ ಬೇಸಿಗೆಯ ನಡುಮಧ್ಯೆಯೂ ಹಿಮ ಬೀಳಬಹುದು, ಅಲ್ಲಿಗೆ ಬೇಸಿಗೆಯಾದ ಜನವರಿಯಲ್ಲೂ ಬಿದ್ದಿದೆ.

ಮೆಲ್ಬರ್ನಿನಲ್ಲಿ ಮಗನೋ ಮಗಳೋ ಇರುವ ಮನೆಗಳು ಈಗ ನಮ್ಮ ಊರಿನಲ್ಲಿ ಬೀದಿಗೊಂದು. ಅಲ್ಲಿಂದ ಟಾಸ್ಮೇನಿಯಾದ ಲಾನ್‌ಸೆಸ್ಟನ್ ಊರಿಗೆ ವಿಮಾನದಲ್ಲಿ ಸುಮಾರು ಒಂದು ತಾಸು. ಹೇಗೂ ಹೋಗಿದ್ದೇವಲ್ಲ, ಒಂದು ವಾರ ನಡೆದು ಬರೋಣ ಎನ್ನುವ ಚಾರಣಿಗರಿಗಾಗಿ ಈ ವಿಮರ್ಶೆ. ಕ್ರೇಡಲ್ ಮೌಂಟನ್‌ನಿಂದ ಲೇಕ್ ಸೇಂಟ್ ಕ್ಲೇರ್‌ವರೆಗೆ ಸುಮಾರು 65 ಕಿಲೋಮೀಟರ್, ಸಾಮಾನ್ಯವಾಗಿ ಆರು ದಿನ. ನೋಡಿಕೊಳ್ಳುವುದು ಟಾಸ್ಮೇನಿಯಾದ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್. ದಾರಿಗೆ ಐದಕ್ಕೆ ಐದು, ಶೌಚಾಲಯಕ್ಕೂ ಐದು. ರಾತ್ರಿ ತಂಗುವ ಮನೆಗಳಾದ ಹಟ್‌ಗಳಿಗೆ ಮೂರೂವರೆ. ಬುಕಿಂಗ್ ವ್ಯವಸ್ಥೆಗೆ ನಾಲ್ಕು.

ಹಟ್‌ಗೆ ಮೂರೂವರೆ ಏಕೆ ಅಂದರೆ, ಅದು ಕೆಟ್ಟದ್ದು ಅಂತಲ್ಲ. ಹೆಸರು ಕೇಳಿ ನಾವು ಕಟ್ಟಿಕೊಳ್ಳುವ ಚಿತ್ರವೇ ಬೇರೆ. ಅದು ಹೋಂಸ್ಟೇ ಅಲ್ಲ, ಹಳೇ ಕಾಲದ ಛತ್ರ. ತಲೆ ಮೇಲೆ ಸೂರು, ಗಾಳಿ ತಡೆಯುವ ಗೋಡೆ, ಹೊರಗೆ ಮಳೆನೀರಿನ ಟ್ಯಾಂಕು, ದೂರದಲ್ಲೊಂದು ಪಾಯಿಖಾನೆ, ಇಷ್ಟು ಅವರದ್ದು. ಹಾಸಿಗೆ, ಪಾತ್ರೆ, ಒಲೆ, ದೀಪ, ಅಕ್ಕಿ-ಬೇಳೆ, ಪಾಯಿಖಾನೆಗೆ ಕಾಗದ ನಮ್ಮದು. ಮಲಗಲು ಮರದ ಹಲಗೆಯ ಅಟ್ಟಗಳಿವೆ, ಮೇಲೆ ಹಾಸಿಗೆ ಇರುವುದಿಲ್ಲ. ಬುಕಿಂಗ್ ಮಾಡಿದರೂ ಆ ಹಲಗೆಯ ಮೇಲೆ ನಿಮ್ಮ ಹೆಸರು ಇರುವುದಿಲ್ಲ. ಮೊದಲು ಬಂದವರಿಗೆ ಮೊದಲ ಜಾಗ. ನಾಲ್ಕು ಗಂಟೆಯ ಮೇಲೆ ಬಂದವರು ಹೊರಗೆ ಮರದ ಕಟ್ಟೆಯ ಮೇಲೆ ಟೆಂಟ್ ಹಾಕಬೇಕಾಗಬಹುದು. ಆದ್ದರಿಂದ ಹಟ್‌ನಲ್ಲೇ ಮಲಗುವ ಲೆಕ್ಕವಿದ್ದರೂ ಪ್ರತಿಯೊಬ್ಬರ ಬಳಿಯೂ ಟೆಂಟ್ ಇರಲೇಬೇಕು ಅನ್ನುವುದು ಅಲ್ಲಿನ ನಿಯಮ. ಟೆಂಟಿನ ತೂಕ ಉಳಿಸೋಣ ಎಂಬ ಜಾಣತನ ಎಲ್ಲಕ್ಕಿಂತ ದುಬಾರಿ. ಹಟ್ ಮುಟ್ಟುವ ಮೊದಲೇ ಯಾರದೋ ಕಾಲು ಉಳುಕಿದರೆ ಆ ರಾತ್ರಿ ಕಾಯುವುದು ಟೆಂಟೇ. (ಖಾಸಗಿ ಗೈಡ್ ಕಂಪನಿಯ ಜೊತೆ ಹೋಗುವವರಿಗೆ ಬೇರೆಯೇ ಹಟ್‌ಗಳಿವೆ. ಊಟ, ಬಿಸಿನೀರು ಎಲ್ಲ ಅಲ್ಲಿ. ದರವೂ ಅದಕ್ಕೆ ತಕ್ಕಂತೆ. ಇಲ್ಲಿ ಹೇಳುತ್ತಿರುವುದು ಸಾರ್ವಜನಿಕ ಹಟ್‌ಗಳ ಮಾತು.)

ಅಕ್ಟೋಬರ್ 1ರಿಂದ ಮೇ 31ರವರೆಗೆ ಬುಕಿಂಗ್ ಕಡ್ಡಾಯ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ನಡಿಗೆ ಉತ್ತರದಿಂದ ದಕ್ಷಿಣಕ್ಕೆ ಮಾತ್ರ. ಟ್ರ್ಯಾಕಿನ ಶುಲ್ಕ ಬೇರೆ, ನ್ಯಾಷನಲ್ ಪಾರ್ಕ್ ಪಾಸ್ ಬೇರೆ, ಎರಡೂ ಬೇಕು. ಮುಂದಿನ ಸೀಸನ್ನಿನ ಬುಕಿಂಗ್ ವರ್ಷದ ಮಧ್ಯದಲ್ಲಿ ತೆರೆಯುತ್ತದೆ, ಡಿಸೆಂಬರ್ ಕೊನೆ ಮತ್ತು ಜನವರಿಯ ದಿನಾಂಕಗಳು ಮೊದಲು ಖಾಲಿಯಾಗುತ್ತವೆ. ಆ ದಿನಗಳಿಗೆ ಬಡಿದಾಡಬೇಡಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹವೆ ಸ್ವಲ್ಪ ನೆಲೆ ನಿಂತಿರುತ್ತದೆ, ನೊಣದ ಕಾಟವೂ ಇಳಿದಿರುತ್ತದೆ. ಏಪ್ರಿಲ್ ಕೊನೆಗೆ ಹೋದರೆ ಫೇಗಸ್ ಎಂಬ ಗಿಡ್ಡ ಮರಗಳ ಎಲೆ ಹಳದಿ, ಕೆಂಪಾಗಿ ಇಡೀ ಇಳಿಜಾರು ಹೊತ್ತಿಕೊಂಡಂತೆ ಕಾಣುತ್ತದೆ. ಚಳಿ ಮತ್ತು ಬೇಗ ಕವಿಯುವ ಕತ್ತಲು ಅದರ ಬೆಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರ್ಯಾಕಿಗೆ ಬುಕಿಂಗ್ ಬೇಡ ಅನ್ನುವುದನ್ನು ಆಹ್ವಾನ ಅಂದುಕೊಳ್ಳಬಾರದು. ಹಿಮದಲ್ಲಿ ದಾರಿ ಹುಡುಕಿ ಅಭ್ಯಾಸ ಇಲ್ಲದವರಿಗೆ ಆ ತಿಂಗಳುಗಳು ಅಲ್ಲವೇ ಅಲ್ಲ.

ಆರು ದಿನಗಳಲ್ಲಿ ಅಪಾಯದ ದಿನ ಯಾವುದು ಎಂದು ಕೇಳಿದರೆ ಹೊಸಬರು ಅತಿ ಉದ್ದದ ಮೂರನೇ ದಿನವನ್ನು ತೋರಿಸುತ್ತಾರೆ. ಅಲ್ಲ, ಮೊದಲನೆಯದು. ರೋನಿ ಕ್ರೀಕ್‌ನಿಂದ ವಾಟರ್‌ಫಾಲ್ ವ್ಯಾಲಿಗೆ 10.7 ಕಿ.ಮೀ., ನಾಲ್ಕರಿಂದ ಆರು ತಾಸು. ಬೆನ್ನಿನ ಚೀಲದಲ್ಲಿ ಆರೂ ದಿನದ ಊಟ ಇರುವುದು ಅಂದೇ. ಇಡೀ ದಾರಿಯ ದೊಡ್ಡ ಏರು, ಮೇರಿಯನ್ಸ್ ಲುಕ್‌ಔಟ್, ಅಂದೇ. ಒಂದು ಕಡೆ ಕಬ್ಬಿಣದ ಸರಪಳಿ ಹಿಡಿದು ಹತ್ತಬೇಕು. ಹತ್ತಿದ ಮೇಲೆ ಮರವಿಲ್ಲದ ಬಯಲು. ಬೆವರಿ ಒದ್ದೆಯಾದ ಮೈಗೆ ಗಾಳಿ ತಾಗುವುದು ಆಗ. ಮುಂದೆ ಕಿಚನ್ ಹಟ್ ಎಂಬ ಪುಟ್ಟ ಮರದ ಮನೆ ಸಿಗುತ್ತದೆ. ಅದಕ್ಕೆ ಮೇಲಂತಸ್ತಿನಲ್ಲೂ ಒಂದು ಬಾಗಿಲಿದೆ. ಕೆಳಬಾಗಿಲು ಹಿಮದಲ್ಲಿ ಹೂತುಹೋದರೆ ಒಳಗೆ ಹೋಗಲು! ಇದೊಂದೇ ವಿವರ ಸಾಕು, ಅಲ್ಲಿನ ಹವೆ ಎಂಥದೆಂದು ತಿಳಿಯಲು. ಅದು ತುರ್ತಿಗೆ ಮಾತ್ರ, ರಾತ್ರಿ ಉಳಿಯಲು ಅಲ್ಲ. ಅಲ್ಲಿಂದ ಕ್ರೇಡಲ್ ಸರ್ಕ್ ಎಂಬ ಬಟ್ಟಲಿನಂಥ ಕಣಿವೆಯ ಅಂಚಿನ ಮೇಲೆ ನಡೆಯುವ ಭಾಗ ಮೋಡ ಕವಿದಾಗ ಕಂಬದಿಂದ ಕಂಬಕ್ಕೆ ನೋಡಿಕೊಂಡು ಹೋಗುವಂಥದ್ದು. ಕೊನೆಗೆ ವಾಟರ್‌ಫಾಲ್ ವ್ಯಾಲಿಗೆ ಕಡಿದಾದ ಇಳಿತ.

ಇಲ್ಲಿ ಕೆಡುವುದು ಹೀಗೆ: ಮಧ್ಯಾಹ್ನ ಹೊರಡುತ್ತಾರೆ, ಹತ್ತುವಾಗ ಸೆಕೆಯೆಂದು ಜಾಕೆಟ್ ಚೀಲದ ತಳಕ್ಕೆ ತುರುಕುತ್ತಾರೆ, ಮೇಲೆ ಮಳೆ ಹಿಡಿದಾಗ ಚೀಲ ಬಿಚ್ಚಲು ಬೇಸರಪಟ್ಟು 'ಇನ್ನೇನು ಬಂತು' ಎಂದು ನಡೆಯುತ್ತಾರೆ. ಮೈಶಾಖ ಇಳಿಯುತ್ತಿರುವ ಗುರುತು ಮೊದಲು ಬೆರಳಲ್ಲಿ ಕಾಣುತ್ತದೆ, ಜಿಪ್ ಎಳೆಯಲು ಆಗುವುದಿಲ್ಲ. ಆಮೇಲೆ ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ, ಕೊನೆಗೆ ಆ ಮನುಷ್ಯನೇ 'ನಂಗೇನೂ ಆಗಿಲ್ಲ' ಅನ್ನುತ್ತಾನೆ. ಆ ಮಾತು ನಂಬಬಾರದು. ತಡೆಯುವ ದಾರಿ ಸರಳ. ಬೆಳಗ್ಗೆ ಒಂಬತ್ತರೊಳಗೆ ಹೊರಡಿ. ರೈನ್ ಜಾಕೆಟ್, ಉಣ್ಣೆ ಟೋಪಿ, ಕೈಗವಸು ಮೂರೂ ಚೀಲದ ಮೇಲ್ಭಾಗದಲ್ಲಿರಲಿ. ಮೇರಿಯನ್ಸ್ ಏರು ಮುಗಿಯುವ ಹತ್ತು ಹೆಜ್ಜೆ ಮೊದಲೇ, ಇನ್ನೂ ಮರೆಯಿರುವಾಗಲೇ ತೊಟ್ಟುಕೊಳ್ಳಿ. ಹವಾ ವರದಿಯಲ್ಲಿ ಬಿರುಗಾಳಿ, ಹಿಮ ಎಂದಿದ್ದರೆ ಕ್ರೇಡಲ್‌ನ ವಿಸಿಟರ್ ಸೆಂಟರಿನಲ್ಲಿ ಪಾಸ್ ಪಡೆಯುವಾಗಲೇ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅವರು ಹೊರಡಬೇಡಿ ಅಂದರೆ ಹೊರಡಬೇಡಿ, ಬುಕಿಂಗ್ ದುಡ್ಡಿನ ಮುಖ ನೋಡಬೇಡಿ.

ಹಟ್ ತಲುಪಿದ ಮೇಲೆ ಹೀಟರಿನ ಪ್ರಶ್ನೆ. ಹೀಟರ್ ಇದೆ, ಆದರೆ ಚಳಿ ನಿಜಕ್ಕೂ ಹೆಚ್ಚಿದ್ದಾಗ ಮಾತ್ರ ಉರಿಸಲು. ಬಟ್ಟೆ ಒಣಗಿಸುವ ಯಂತ್ರ ಅಂದುಕೊಂಡವರಿಗೆ ನಿರಾಶೆ ಖಂಡಿತ. ಕಾರಣ ಗಾಳಿಯ ತೇವ: ಇಪ್ಪತ್ತು ಮೂವತ್ತು ಜನರ ಒದ್ದೆ ಬಟ್ಟೆ, ಉಸಿರು, ಕುದಿಯುವ ನೀರಿನ ಹಬೆ ಎಲ್ಲ ಒಂದೇ ಕೋಣೆಯಲ್ಲಿ ಸೇರಿದಾಗ ಗಾಳಿ ತೇವದಿಂದ ತುಂಬಿಹೋಗಿರುತ್ತದೆ. ಅಂಥ ಗಾಳಿಯಲ್ಲಿ ಸಾಕ್ಸ್ ರಾತ್ರಿಯಿಡೀ ತೂಗಿದರೂ ಬೆಳಗ್ಗೆ ಹಾಗೇ ಇರುತ್ತದೆ. ಬಲ್ಲವರು ಒಣಗಿಸುವ ಗೋಜಿಗೇ ಹೋಗುವುದಿಲ್ಲ. ಅವರ ಬಳಿ ಎರಡೇ ಜೊತೆ ಬಟ್ಟೆ: ಒಂದು ನಡೆಯಲು, ಅದು ಒದ್ದೆಯಾಗುತ್ತದೆ, ಇನ್ನೊಂದು ಮಲಗಲು, ಅದನ್ನು ಹಾಕಿಕೊಂಡು ಹೊರಗೆ ಕಾಲಿಡುವುದಿಲ್ಲ. ಬೆಳಗ್ಗೆ ಮತ್ತೆ ಒದ್ದೆಯದನ್ನೇ ತೊಡುವುದು. ಹಲ್ಲು ಕಚ್ಚಿ ಹತ್ತು ನಿಮಿಷ ನಡೆದರೆ ಮೈಬಿಸಿ ಹಿಡಿಯುತ್ತದೆ. ಒಣ ಜೊತೆಯ ಆಸೆಗೆ ಬಿದ್ದು ಅದನ್ನೇ ತೊಟ್ಟು ಹೊರಟವರಿಗೆ ಆ ಸಂಜೆ ಎರಡೂ ಜೊತೆ ಒದ್ದೆ. ಹತ್ತಿ ಬಟ್ಟೆ, ಜೀನ್ಸ್, ಲುಂಗಿ, ಟವೆಲ್ ಊರಲ್ಲೇ ಇರಲಿ. ಹತ್ತಿ ನೀರು ಹೀರಿ ಮೈಗಂಟಿ ಶಾಖ ಎಳೆದುಬಿಡುತ್ತದೆ.

ಮಳೆಗೆ ಚೀಲದ ಹೊರಗವಸು ಸಾಲದು. ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಚೀಲದೊಳಗೇ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಬೇಕು. ಸ್ಲೀಪಿಂಗ್ ಬ್ಯಾಗಿಗೆ ಅದರೊಳಗೂ ಇನ್ನೊಂದು. ಸ್ಲೀಪಿಂಗ್ ಬ್ಯಾಗ್ ಆಯ್ಕೆ ಮಾಡುವಾಗ 'ಕಂಫರ್ಟ್' ಎಂದು ಬರೆದ ಅಂಕಿ ನೋಡಿ, ಅದು ಸೊನ್ನೆಯಿಂದ ಮೈನಸ್ 5 ಡಿಗ್ರಿ ಇರಲಿ. 'ಲಿಮಿಟ್' ಎಂದು ಬರೆದ ಅಂಕಿ ಮುದುರಿ ಮಲಗಿ ಹೇಗೋ ರಾತ್ರಿ ಕಳೆಯುವ ಲೆಕ್ಕ; 'ಎಕ್ಸ್‌ಟ್ರೀಮ್' ಬರೀ ಬದುಕುಳಿಯುವ ಲೆಕ್ಕ, ನಿದ್ದೆಯದಲ್ಲ.

ಎರಡನೇ ದಿನ ವಿಂಡರ್‌ಮಿಯರ್‌ಗೆ 7.8 ಕಿ.ಮೀ., ಹಗುರ. ಹವೆ ಚೆನ್ನಾಗಿದ್ದರೆ ಲೇಕ್ ವಿಲ್ ಕಡೆಗೊಂದು ಸುತ್ತು ಹಾಕಬಹುದು. ಮೂರನೇ ದಿನ ಪೀಲಿಯನ್ ಹಟ್‌ಗೆ 16.8 ಕಿ.ಮೀ., ಐದರಿಂದ ಏಳು ತಾಸು. ಪೈನ್ ಫಾರೆಸ್ಟ್ ಮೂರ್ ದಾಟಿದ ಮೇಲೆ ಕಾಡಿನ ಬೇರು, ಕೆಸರು. ಫ್ರಾಗ್ ಫ್ಲಾಟ್ಸ್ ತಗ್ಗಿನಲ್ಲಿ ಜಿಗಣೆ. ಮಲೆನಾಡಿನ ಇಂಬಳ ಕಂಡವರಿಗೆ ಹೊಸದೇನಲ್ಲ, ಬೂಟಿನ ಮೇಲಿಂದ ಮೊಣಕಾಲವರೆಗೆ ಕಟ್ಟುವ ಗೇಟರ್ ಎಂಬ ಕವಚ ಮತ್ತು ಒಂದು ಚಿಟಿಕೆ ಉಪ್ಪು ಸಾಕು. ಕೆಸರು ಕಂಡಾಗ ಪಕ್ಕದ ಹುಲ್ಲಿನ ಮೇಲೆ ಹೋಗುವುದು ನಮ್ಮ ಕಾಲಿಗೆ ಬಂದ ಅಭ್ಯಾಸ. ಅಲ್ಲಿ ಹಾಗೆ ಮಾಡಬಾರದು. ಒಬ್ಬರು ಬದಿಗೆ ಸರಿದರೆ ಹಿಂದಿನವರು ಇನ್ನೂ ಬದಿಗೆ ಸರಿಯುತ್ತಾರೆ. ಕೆಲವೇ ವರ್ಷಕ್ಕೆ ಒಂದಡಿಯ ದಾರಿ ಹತ್ತಡಿಯ ಗದ್ದೆ. ಬೂಟು ಮುಳುಗಿದರೂ ನಡುವೆಯೇ ನಡೆಯುವುದು ಸರಿ. ದಾರಿಯ ಹಲವು ಕಡೆ ಮರದ ಹಲಗೆ ಹಾಸಿದ್ದಾರೆ. ಈ ಕೆಲಸಕ್ಕೇ ನಾವು ದಾರಿಗೆ ಪೂರ್ಣ ಅಂಕ ಕೊಟ್ಟಿದ್ದು. ಬೆಳಗಿನ ಹೊತ್ತು ಹಲಗೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದರೆ ಎಣ್ಣೆ ಸವರಿದ ಕಲ್ಲಿನಂತೆ ಜಾರುತ್ತದೆ; ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ.

ಊಟದ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಚಾರಣದ ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ಒಣ ಊಟದ ಪೊಟ್ಟಣಕ್ಕಿಂತ ರಾಗಿ ಹುರಿಹಿಟ್ಟು, ಗೊಜ್ಜವಲಕ್ಕಿ, ಕಡಲೆಕಾಯಿ ಚಿಕ್ಕಿ ತೂಕದಲ್ಲೂ ಶಕ್ತಿಯಲ್ಲೂ ಕಡಿಮೆಯೇನಲ್ಲ. ಒಬ್ಬರಿಗೆ ಒಂದು ದಿನದ ಲೆಕ್ಕ ಹೀಗಿಡಬಹುದು. ಬೆಳಗ್ಗೆ 60 ಗ್ರಾಂ ಹುರಿಹಿಟ್ಟು, 25 ಗ್ರಾಂ ಬೆಲ್ಲದ ಪುಡಿ, 20 ಗ್ರಾಂ ಹಾಲಿನ ಪುಡಿ. ಮೊದಲು ತಣ್ಣೀರಲ್ಲಿ ಕಲಸಿ ಆಮೇಲೆ ಬಿಸಿನೀರು ಹಾಕಬೇಕು, ಇಲ್ಲದಿದ್ದರೆ ಗಂಟು. ಮಧ್ಯಾಹ್ನ 110 ಗ್ರಾಂ ಗೊಜ್ಜವಲಕ್ಕಿ. ಹೊರಡುವಾಗಲೇ ಡಬ್ಬಿಯಲ್ಲಿ ನೀರು ಹಾಕಿಟ್ಟರೆ ಒಲೆ ಹಚ್ಚದೆ ಊಟ ಮುಗಿಯುತ್ತದೆ, ಗಾಳಿಯಲ್ಲಿ ಇದು ದೊಡ್ಡ ಉಪಕಾರ. ರಾತ್ರಿ ಮೊದಲೇ ಒಗ್ಗರಣೆ ಹಾಕಿ ಹುರಿದಿಟ್ಟ 120 ಗ್ರಾಂ ರವೆಗೆ 350 ಮಿ.ಲೀ. ಕುದಿನೀರು. ನಡುವೆ ತಿನ್ನಲು 150 ಗ್ರಾಂನಷ್ಟು ಚಿಕ್ಕಿ, ಗೋಡಂಬಿ, ದ್ರಾಕ್ಷಿ. ಇದಕ್ಕೆ ಸೂಪ್ ಪುಡಿ, ಬಿಸ್ಕತ್ತು, ಟೀ ಸಕ್ಕರೆ ಸೇರಿ ದಿನಕ್ಕೆ 650 ಗ್ರಾಂ ಆಸುಪಾಸು. ಆರು ದಿನಕ್ಕೆ ಒಂದು ದಿನ ಹೆಚ್ಚುವರಿ ಸೇರಿಸಿದರೆ ನಾಲ್ಕೂವರೆ ಕಿಲೋ. ತೊಗರಿಬೇಳೆ ಒಯ್ಯಬೇಡಿ. ಕುಕ್ಕರ್ ಇಲ್ಲದೆ ಅದು ಮುಕ್ಕಾಲು ಗಂಟೆ ಬೆಂದರೂ ಕಾಳುಕಾಳೇ, ಗ್ಯಾಸ್ ಮಾತ್ರ ಖಾಲಿ. ಅನ್ನವೂ ಹಾಗೇ, ಹದಿನೈದು ನಿಮಿಷದ ಉರಿ ಕೇಳುತ್ತದೆ.

ಒಂದು ಎಚ್ಚರ. ಆಸ್ಟ್ರೇಲಿಯಾಕ್ಕೆ ಇಳಿಯುವಾಗ ತಿನ್ನುವ ಪದಾರ್ಥ ಏನೇ ಇದ್ದರೂ ಪ್ರಯಾಣಿಕರ ಕಾರ್ಡಿನಲ್ಲಿ ಬರೆಯಲೇಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದುಕೊಂಡು ಎಸೆಯುತ್ತಾರೆ, ಮುಚ್ಚಿಟ್ಟರೆ ಭಾರಿ ದಂಡ. ಕರಿಬೇವಿನ ಎಲೆ, ಮೊಳೆಯಬಲ್ಲ ಇಡೀ ಕಾಳು, ಹಾಲಿನ ಪದಾರ್ಥ ತಕರಾರು ತರುವಂಥವು. ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿಯಲ್ಲಿ ಕರಿಬೇವು ಕಂಡರೆ ಅದು ಅಲ್ಲಿಗೇ ಹೋಯಿತು. ಮೆಲ್ಬರ್ನಿನ ಇಂಡಿಯನ್ ಅಂಗಡಿಗಳಲ್ಲಿ ಹುರಿಹಿಟ್ಟು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ, ರಾಗಿಹಿಟ್ಟು ಕೊಂಡು ಮಗಳ ಮನೆಯಲ್ಲೇ ಹುರಿದುಕೊಳ್ಳಿ. ಟಾಸ್ಮೇನಿಯಾಕ್ಕೆ ಹೋಗುವಾಗ ಇನ್ನೊಂದು ತಪಾಸಣೆ: ಹಸಿ ಹಣ್ಣು-ತರಕಾರಿ ಒಯ್ಯುವಂತಿಲ್ಲ, ನಾಯಿ ಬಿಟ್ಟು ಮೂಸಿಸುತ್ತಾರೆ.

ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಯಾವ ಚೀಲದಲ್ಲೂ ಒಯ್ಯುವಂತಿಲ್ಲ. ಲಾನ್‌ಸೆಸ್ಟನ್‌ನಲ್ಲೇ ಕೊಳ್ಳಬೇಕು. ಮೇಲೆ ಹೇಳಿದಂತೆ ಬರೀ ನೀರು ಕುದಿಸುವ ಅಡುಗೆಯಾದರೆ ಒಬ್ಬರಿಗೆ 230 ಗ್ರಾಂನ ಒಂದು ತಿರುಪಿನ ಕ್ಯಾನಿಸ್ಟರ್ ಆರು ದಿನಕ್ಕೆ ಸಾಕು. ಇಬ್ಬರಿದ್ದರೆ 450ರದ್ದು. ಸ್ಟವ್‌ನ ಸ್ಪಾರ್ಕ್ ಬಟನ್ ತೇವಕ್ಕೆ ಕೈಕೊಡುತ್ತದೆ, ಬೆಂಕಿಪೊಟ್ಟಣ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಸೌದೆ ಬೆಂಕಿ ಎಲ್ಲಿಯೂ ಹಚ್ಚುವಂತಿಲ್ಲ. ಹಟ್‌ನೊಳಗೆ ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ. ಟೆಂಟಿನೊಳಗೆ ಒಲೆ ಬೇಡವೇ ಬೇಡ.

ಪಾಯಿಖಾನೆ ಬಗ್ಗೆ ನಾಚಿಕೆ ಬಿಟ್ಟು ಹೇಳಬೇಕು, ನಮ್ಮವರು ಎಡವುವ ಜಾಗ ಇದು. ಅಲ್ಲಿರುವುದು ಕಾಂಪೋಸ್ಟ್ ಮಾದರಿ, ಫ್ಲಶ್ ಇಲ್ಲ. ಸೂಕ್ಷ್ಮಜೀವಿಗಳು ಗಾಳಿ ಆಡುವ ಒಣ ರಾಶಿಯಲ್ಲಿ ಕೆಲಸ ಮಾಡುತ್ತವೆ. ಚೊಂಬಿನಲ್ಲಿ ನೀರು ಸುರಿದರೆ ಅವು ಉಸಿರುಗಟ್ಟಿ ಸಾಯುತ್ತವೆ, ವಾಸನೆ ಏಳುತ್ತದೆ. ಹೀಗಾಗಿ ಕಾಗದವೇ ಗತಿ. ಅದನ್ನು ಗುಂಡಿಗೆ ಹಾಕಬಹುದು, ಆದರೆ ವೆಟ್ ವೈಪ್ಸ್, ಪ್ಯಾಡ್ ಹಾಕಬಾರದು. ಅವು ಕರಗುವುದಿಲ್ಲ, ಈ ಬೆಟ್ಟದಿಂದ ಹೊಲಸನ್ನು ಕೆಳಗೆ ಸಾಗಿಸುವುದು ಹೆಲಿಕಾಪ್ಟರಿನಲ್ಲಿ. ನೀರು ಬಳಸದೆ ಆಗುವುದೇ ಇಲ್ಲ ಅನ್ನುವವರು ಕಾಗದವನ್ನೇ ಒದ್ದೆ ಮಾಡಿಕೊಂಡರೆ ಮುಗಿಯಿತು. ಕುಡಿಯುವ ನೀರು ಸೂರಿನಿಂದ ಟ್ಯಾಂಕಿಗೆ ಬಿದ್ದದ್ದು. ನೋಡಲು ತಿಳಿ, ಕುದಿಸಿ ಕುಡಿಯುವುದು ಒಳ್ಳೆಯದು. ಪಾತ್ರೆಯನ್ನು ಹೊಳೆಯಲ್ಲಿ ಸೋಪು ಹಾಕಿ ತೊಳೆಯಬೇಡಿ. ಕಸದ ಬುಟ್ಟಿ ಆರೂ ದಿನದಲ್ಲಿ ಒಂದೂ ಸಿಗದು, ಟೀ ಚೀಲದಿಂದ ಚಿಕ್ಕಿ ಕಾಗದದವರೆಗೆ ಎಲ್ಲ ವಾಪಸು ನಿಮ್ಮ ಬೆನ್ನಿಗೇ.

ದೇವರಾಯನದುರ್ಗದ ಕೋತಿ ಕೈಯಿಂದ ಚೀಲ ಕಳೆದುಕೊಂಡವರಿಗೆ ಕರವಾಂಗ್ ಹಕ್ಕಿ ಬೇಗ ಅರ್ಥವಾಗುತ್ತದೆ. ಕಾಗೆಯಂಥ ಕಪ್ಪು ಹಕ್ಕಿ, ಹಳದಿ ಕಣ್ಣು. ಕೊಕ್ಕಿನಿಂದ ಜಿಪ್ ಎಳೆಯುವುದನ್ನು ಕಲಿತುಬಿಟ್ಟಿದೆ. ಶಿಖರ ನೋಡಿ ಬರೋಣವೆಂದು ದಾರಿ ಕೂಡುವಲ್ಲಿ ಚೀಲ ಇಟ್ಟು ಹೋದವರ ತಿಂಡಿ, ಔಷಧಿ, ಸಾಕ್ಸ್ ಎಲ್ಲ ಬಯಲ ಪಾಲು. ಇಂಥದ್ದು ಹೆಚ್ಚು ಆಗುವುದು ಬೆಟ್ಟಗಳ ನಡುವಿನ ಪೀಲಿಯನ್ ಗ್ಯಾಪ್‌ನಲ್ಲಿ. ಚೀಲಕ್ಕೆ ಮಳೆಗವಸು ಬಿಗಿದು, ಜಿಪ್ ಇರುವ ಮುಖ ನೆಲಕ್ಕೆ ಮಾಡಿ ಮಲಗಿಸಬೇಕು. ಹೊರಗವಸು ಕೆಲಸಕ್ಕೆ ಬರುವುದು ಹೀಗೆ, ಮಳೆಗಿಂತ ಹಕ್ಕಿಗೆ. ರಾತ್ರಿ ಪಾಸಮ್ ಎಂಬ ಮರದ ಮೇಲಿನ ಪ್ರಾಣಿಗಳ ಸರದಿ. ಟೆಂಟಿನಲ್ಲಿ ತಿಂಡಿ ಇದ್ದರೆ ಬಟ್ಟೆ ಕಡಿದೇ ಒಳಬರುತ್ತವೆ.

ಹಾವು ಮೂರು ಜಾತಿ: ಟೈಗರ್, ಕಾಪರ್‌ಹೆಡ್, ಬಿಳಿತುಟಿಯದು. ಮೂರೂ ವಿಷದವು, ಮೂರಕ್ಕೂ ಒಂದೇ ಪ್ರತಿವಿಷ. ಬಿಸಿಲಿಗೆ ಹಲಗೆಯ ಮೇಲೆ ಮಲಗಿರುತ್ತವೆ, ಕಾದರೆ ತಾವೇ ಸರಿಯುತ್ತವೆ. ಕಚ್ಚಿದರೆ ಅಲ್ಲಿನ ಕ್ರಮ: ಗಾಯ ತೊಳೆಯದೆ, ಕೊಯ್ಯದೆ, ಇಡೀ ಕೈ ಅಥವಾ ಕಾಲಿಗೆ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಮನುಷ್ಯನನ್ನು ಕದಲಿಸದೆ ಸಹಾಯ ಕರೆಯುವುದು. ಎರಡು ಬ್ಯಾಂಡೇಜ್ ಇರಲಿ. ಮೊಬೈಲ್ ಸಿಗ್ನಲ್ ಬಹುತೇಕ ಇಲ್ಲ. ಪಿಎಲ್‌ಬಿ ಎಂಬ ಪುಟ್ಟ ಉಪಗ್ರಹ ಬೀಕನ್ ಬಾಡಿಗೆಗೆ ಸಿಗುತ್ತದೆ, ಗುಂಪಿಗೊಂದು ಬೇಕೇ ಬೇಕು.

ಹಟ್‌ಗಳಲ್ಲಿ ನಮ್ಮ ಮೆಚ್ಚು ಪೀಲಿಯನ್. ದೊಡ್ಡದು, ಜಗಲಿ ಅಗಲ, ಎದುರಿಗೆ ಮೌಂಟ್ ಓಕ್ಲಿಯ ಕಲ್ಲುಕಂಬದ ಸಾಲು. ಹೆಚ್ಚುವರಿ ದಿನ ಇದ್ದರೆ ಇಲ್ಲೇ ಕಳೆಯಿರಿ. ಮೌಂಟ್ ಓಸಾ, 1,617 ಮೀಟರ್, ಟಾಸ್ಮೇನಿಯಾದ ಅತಿ ಎತ್ತರದ ಶಿಖರ, ಪೀಲಿಯನ್ ಗ್ಯಾಪ್‌ನಿಂದ ಹೋಗಿಬರಲು ಐದು ಕಿ.ಮೀ. ಚಿಲ್ಲರೆ, ಆದರೆ ಮೂರರಿಂದ ಐದು ತಾಸು ಹಿಡಿಯುತ್ತದೆ. ಮೇಲ್ಭಾಗದಲ್ಲಿ ಕೈಯೂರಿ ಹತ್ತುವ ದೊಡ್ಡ ಬಂಡೆಗಳು. ಒದ್ದೆಯಿದ್ದರೆ, ಮೋಡ ಇಳಿದಿದ್ದರೆ ಬಿಟ್ಟುಬಿಡಿ. ಮುಂದೆ ಕಿಯಾ ಓರಾಕ್ಕೆ 8.6, ಅಲ್ಲಿಂದ ಬರ್ಟ್ ನಿಕೋಲ್ಸ್ ಹಟ್‌ಗೆ 9.6, ನಾರ್ಸಿಸಸ್‌ಗೆ 9 ಕಿ.ಮೀ. ಕೊನೆಯ ಈ ಮೂರು ದಿನ ಹೆಚ್ಚಾಗಿ ಕಾಡಿನ ಮರೆ, ದಾರಿಬದಿಗೆ ಜಲಪಾತಗಳು.

ತಯಾರಿಗೆ ದೇವರಾಯನದುರ್ಗ, ಸಿದ್ಧರಬೆಟ್ಟ ಸಾಕು, ಹೊರೆ ಹೊತ್ತು ಹತ್ತಿದರೆ. ಹತ್ತು ವಾರ, ವಾರಕ್ಕೆರಡು ಬಾರಿ. ಎಂಟು ಲೀಟರ್ ನೀರಿನ ಕ್ಯಾನ್‌ನಿಂದ ಶುರುಮಾಡಿ ಹದಿನೈದಕ್ಕೆ ಏರಿಸಿ. ಮಂಡಿ ನೋವಿದ್ದವರು ನೆತ್ತಿಯಲ್ಲಿ ಅರ್ಧ ನೀರು ಗಿಡಗಳಿಗೆ ಸುರಿದು ಇಳಿಯಬಹುದು. ಮಧುಗಿರಿಯ ಕಡಿದಾದ ಬಂಡೆಗೆ ಹೊರೆ ಹೊತ್ತು ಹೋಗಬೇಡಿ, ಅಲ್ಲಿ ಜಾರಿದರೆ ನಿಲ್ಲಲು ಏನೂ ಇಲ್ಲ. ಹೊರಡುವ ದಿನ ಒಟ್ಟು ಹೊರೆ ನಿಮ್ಮ ತೂಕದ ಕಾಲುಭಾಗ ಮೀರಬಾರದು. ಹದಿನೈದು, ಹದಿನಾರು ಕಿಲೋಗೆ ನಿಲ್ಲಿಸಲು ಸಾಧ್ಯ. ಹೊಸ ಬೂಟು ಬೇಡ, ಹಳೇ ಬೂಟಿಗೆ ಮಣ್ಣಿನ ಕಣವೂ ಬೇಡ. ಬೇರು ಕೊಳೆಯುವ ರೋಗ ಹರಡದಿರಲೆಂದು ಅಲ್ಲಿ ಬೂಟು ತೊಳೆಸುತ್ತಾರೆ, ವಿಮಾನ ನಿಲ್ದಾಣದಲ್ಲೂ ತಿರುಗಿಸಿ ನೋಡುತ್ತಾರೆ.

ಕೊನೆಯ ತುದಿ ಲೇಕ್ ಸೇಂಟ್ ಕ್ಲೇರ್, ಆಸ್ಟ್ರೇಲಿಯಾದ ಅತ್ಯಂತ ಆಳದ ಸರೋವರ. ನಾರ್ಸಿಸಸ್ ದೋಣಿಕಟ್ಟೆಯಿಂದ ಸರೋವರದ ಇನ್ನೊಂದು ತುದಿಯ ಸಿಂಥಿಯಾ ಬೇ ಎಂಬಲ್ಲಿಗೆ ಫೆರಿ ಇದೆ. ಮೊದಲೇ ಬುಕ್ ಮಾಡಿರಬೇಕು, ತಲುಪಿದ ಮೇಲೆ ಹಟ್‌ನಲ್ಲಿರುವ ರೇಡಿಯೋದಲ್ಲಿ ಮಾತಾಡಿ ಖಚಿತಪಡಿಸಬೇಕು. ಗಾಳಿ ಜೋರಿದ್ದರೆ ದೋಣಿ ಬರುವುದಿಲ್ಲ. ಆಗ ದಡದ ಕಾಡಿನಲ್ಲಿ ಇನ್ನೂ 17.5 ಕಿ.ಮೀ., ಐದಾರು ತಾಸಿನ ನಡಿಗೆ, ಇಲ್ಲವೇ ಅಲ್ಲೇ ಇನ್ನೊಂದು ರಾತ್ರಿ. ಹೋಬಾರ್ಟಿನ ಬಸ್ಸನ್ನು ಅದೇ ಸಂಜೆಗೆ, ಮೆಲ್ಬರ್ನಿನ ವಿಮಾನವನ್ನು ಮರುದಿನ ಬೆಳಗ್ಗೆಗೆ ಹೊಂದಿಸಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ನಡುವೆ ಒಂದು ದಿನ ಖಾಲಿ ಬಿಡಿ, ಚೀಲದ ತಳದಲ್ಲಿ ಎರಡು ಹೊತ್ತಿನ ಅವಲಕ್ಕಿ ಉಳಿಸಿಕೊಳ್ಳಿ.